ಕಂಪನಿ ಅಂಗಡಿಯೂ ನನ್ನ ಎಡಗಾಲೂ

ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಹೇಳುತ್ತಾರೆ. ಒಪ್ಪಿದೆ. ಬೆನ್ನು ಹಿಂದಿರುವ ವಸ್ತು. ಕಾಣದಿದ್ದರೆ ಅದು ನಮ್ಮ ತಪ್ಪಲ್ಲ. ಆದರೆ ಕಾಲು ಹಾಗಲ್ಲ. ಹುಟ್ಟಿದ ದಿನದಿಂದ ಕಣ್ಣೆದುರಿಗೇ ಇದೆ. ಹೊರಗಿನಿಂದ ಬಂದಾಗಲೆಲ್ಲ ತೊಳೆಯುತ್ತೇವೆ, ಮುಳ್ಳು ಚುಚ್ಚಿದರೆ ತೊಡೆಯ ಮೇಲಿಟ್ಟುಕೊಂಡು ನೋಡುತ್ತೇವೆ, ಊಟಕ್ಕೆ ಕೂತರೆ ಮಡಚಿಕೊಳ್ಳುತ್ತೇವೆ. ಇಷ್ಟು ಒಡನಾಟವಿದ್ದೂ ನನ್ನ ಎರಡು ಕಾಲುಗಳ ಬಗೆಗಿನ ಒಂದು ಮುಖ್ಯ ಸಂಗತಿ ನಲವತ್ತೆರಡು ವರ್ಷ ನನಗೇ ಗೊತ್ತಿರಲಿಲ್ಲ ಎಂದರೆ ನೀವು ನಗುತ್ತೀರಿ. ನಗಬಹುದು, ನನ್ನ ಹೆಂಡತಿ ಆಗಲೇ ನಕ್ಕು ಮುಗಿಸಿದ್ದಾಳೆ. ಹೆಚ್ಚಿನ ನಾಚಿಕೆಯ ಮಾತೆಂದರೆ ನಾನು ಗೋಕಾಕದ ಕೋರ್ಟಿನಲ್ಲಿ ನಕಲು ಬರೆಯುವ ಕಾರಕೂನ. ಮೂಲ ಕಾಗದವನ್ನೂ ಅದರ ನಕಲನ್ನೂ ಅಕ್ಕಪಕ್ಕ ಇಟ್ಟು, ಅಕ್ಷರ ಅಕ್ಷರ ತಾಳೆ ನೋಡಿ, ಎರಡೂ ಒಂದೇ ಎಂದು ಸಹಿ ಹಾಕುವುದು ನನ್ನ ಹೊಟ್ಟೆಪಾಡು. ಊರವರ ಜಗಳವನ್ನೆಲ್ಲ ಹೀಗೆ ತಾಳೆ ನೋಡಿದವನು ನನ್ನ ಎರಡು ಕಾಲುಗಳನ್ನು ಮಾತ್ರ ಒಮ್ಮೆಯೂ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ನನ್ನ ಪರವಾಗಿ ಅದನ್ನು ನೋಡುವ ಒಬ್ಬ ಮನುಷ್ಯ ಇದ್ದ. ಅವನ ಹೆಸರು ಯಲ್ಲಪ್ಪ.

ಯಲ್ಲಪ್ಪ ಯಮಕನಮರಡಿಯವನು. ಅವನ ಅಪ್ಪನ ಕಾಲದಿಂದಲೂ ಗೋಕಾಕದ ಬಸ್ ನಿಲ್ದಾಣದಿಂದ ಕೋರ್ಟಿಗೆ ಹೋಗುವ ದಾರಿಯಲ್ಲಿ ಒಂದು ತಗಡಿನ ಕೆಳಗೆ ಅವರ ಚಪ್ಪಲಿ ಅಂಗಡಿ. ಅಂಗಡಿ ಎಂದೆನೇ? ಒಂದು ಕಲ್ಲು, ಒಂದು ಮರದ ಪೆಟ್ಟಿಗೆ, ಗಿರಾಕಿ ಕೂರಲು ಒಂದು ಗೋಣಿಚೀಲ. ಇಷ್ಟಕ್ಕೆ ಅಂಗಡಿ ಎನ್ನಬಹುದಾದರೆ ಅದು ಅಂಗಡಿ. ಹೊಸ ಗಿರಾಕಿ ಬಂದರೆ ಯಲ್ಲಪ್ಪ ನೆಲದ ಮೇಲೆ ಕಾಗದ ಹಾಸಿ, ‘ಕಾಲ ಇಡ್ರಿ’ ಎಂದು, ಪೆನ್ಸಿಲಿನಿಂದ ಸುತ್ತಲೂ ಗೆರೆ ಎಳೆಯುತ್ತಿದ್ದ. ಕಾಗದ ಒದಗಿಸುತ್ತಿದ್ದವನು ನಾನು. ನಕಲು ಮಾಡುವಾಗ ಮಸಿ ಚೆಲ್ಲಿದ, ಸಾಲು ತಪ್ಪಿದ ಹಾಳೆಗಳು ನನ್ನಲ್ಲಿ ಧಾರಾಳ. ಕೆಲಸದಲ್ಲಿ ನಾನು ಅಷ್ಟು ನಿಪುಣ. ಹೀಗಾಗಿ ಗೋಕಾಕದ ಗಣ್ಯರ ಪಾದಗಳೆಲ್ಲ ಯಾರದೋ ಹೊಲದ ಬದುವಿನ ದಾವೆಯ ಬೆನ್ನ ಮೇಲೆ ಚಿತ್ರಿತವಾಗಿ, ಸುತ್ತಿ ದಾರ ಕಟ್ಟಿಸಿಕೊಂಡು, ಆ ಮರದ ಪೆಟ್ಟಿಗೆಯಲ್ಲಿ ಮಲಗಿದ್ದವು. ವಕೀಲರ ಕಾಲು, ಮಾಸ್ತರರ ಕಾಲು, ನಮ್ಮ ಕಚೇರಿಯ ಮೇಲಧಿಕಾರಿ ಶಿರಸ್ತೇದಾರರ ಕಾಲು, ದಲಾಲಿ ಅಂಗಡಿಯ ಸಾವಕಾರರ ಕಾಲು, ನನ್ನ ಕಾಲು, ಎಲ್ಲ ಒಂದೇ ಕಟ್ಟಿನಲ್ಲಿ. ಒಮ್ಮೆ ಗೆರೆ ಎಳೆಸಿಕೊಂಡರೆ ಮುಗಿಯಿತು, ಮತ್ತೆ ಅಳತೆ ಕೊಡುವ ತಾಪತ್ರಯವಿಲ್ಲ.

ಅಳತೆಯೊಂದೇ ಅಲ್ಲ, ಅವನಿಗೆ ಗಿರಾಕಿಯ ಗುಣವೂ ಗೊತ್ತಿತ್ತು. ನಮ್ಮ ಕಡೆಯ ಚಪ್ಪಲಿಗೆ ನಡೆದರೆ ಕರ್ರ್ ಕರ್ರ್ ಎನ್ನುವ ಸಪ್ಪಳವಿದ್ದರೇ ಬೆಲೆ. ಸಾವಕಾರರು ಬರುತ್ತಿದ್ದರೆ ಅರ್ಧ ಓಣಿ ಮುಂಚೆಯೇ ಚಪ್ಪಲಿ ಸಾರಿ ಹೇಳುತ್ತಿತ್ತು. ನನಗೂ ಅಂಥ ಜೋಡು ಬೇಕೆಂದು ಆಸೆ. ಕೇಳಿದರೆ ಯಲ್ಲಪ್ಪ ತಲೆ ಎತ್ತದೆ, “ಬ್ಯಾಡ್ರಿ ಸಾಹೇಬರ. ಹೊತ್ತಾದ ಮ್ಯಾಲ ಕಚೇರಿಗಿ ಹೋಗೂರಿಗಿ ಸಪ್ಪಳ ಯಾಕ್ರಿ? ನಿಮಗ ಬೆಕ್ಕು ನಡದಂಗ ಮಾಡಿಕೊಡ್ತೇನಿ,” ಎಂದ. ಹಾಗೆಯೇ ಮಾಡಿಕೊಟ್ಟ. ಹತ್ತು ಹದಿನೈದು ವರ್ಷ ನಾನು ಹನ್ನೊಂದೂವರೆಗೆ ಕೋರ್ಟಿನೊಳಗೆ ಕಾಲಿಟ್ಟರೂ ನಮ್ಮ ಶಿರಸ್ತೇದಾರರು ತಲೆ ಎತ್ತಿ ನೋಡುವ ಹೊತ್ತಿಗೆ ನನ್ನ ಮೇಜಿನ ಮುಂದೆ ಕೂತು ಬರೆಯುತ್ತಿದ್ದೆ. ಆ ನೌಕರಿ ಉಳಿದದ್ದು ನನ್ನ ಅಕ್ಷರದಿಂದಲ್ಲ, ಯಲ್ಲಪ್ಪನ ಹೊಲಿಗೆಯಿಂದ.

ಇನ್ನೊಂದು ಪದ್ಧತಿಯಿತ್ತು. ದೀಪಾವಳಿಗೆ ತಿಂಗಳಿರುವಾಗಲೇ ಯಲ್ಲಪ್ಪ ಕಾಯಂ ಗಿರಾಕಿಗಳ ಕಾಗದ ಹರವಿಕೊಂಡು, ಯಾರನ್ನೂ ಕೇಳದೆ, ಎಲ್ಲರ ಜೋಡಿಗೂ ಅಡಿಗೆ ಹಾಕುವ ಅಟ್ಟೆಯ ಚರ್ಮ ಕೊಯ್ದಿಡುತ್ತಿದ್ದ. ಕೇಳುವುದೇನು? ಹಬ್ಬ ಬರುತ್ತದೆ, ಗಿರಾಕಿ ಬರುತ್ತಾನೆ. ಹಬ್ಬದ ಹಿಂದಿನ ವಾರ ನಾವು ಹೋಗಿ ಗೋಣಿಚೀಲದ ಮೇಲೆ ಕೂತು, ‘ಇಷ್ಟು ರೊಕ್ಕ ಕೊಟ್ಟರ ನಾ ಕುದರಿ ತೊಗೋತಿದ್ನಿ’ ಎಂದು ಜಗಳ ತೆಗೆದು, ಎದ್ದು ಹೋದಂತೆ ಮಾಡಿ, ಅವನು ಕೂಗಿ ಕರೆದು, ಚಹಾ ತರಿಸಿ, ಇಬ್ಬರೂ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಬೆಲೆಗೆ ಒಪ್ಪುತ್ತಿದ್ದೆವು. ಚಹಾದ ವಿಷಯದಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ನನ್ನ ಚಹಾ ಹೋಟೆಲಿನ ಕಪ್ಪಿನಲ್ಲಿ ಬರುತ್ತಿತ್ತು, ಅವನದು ಅವನ ಸ್ವಂತ ಡಬ್ಬಿಯಲ್ಲಿ. ಅವನು ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಅವನಿಗೆ ‘ನೀ’, ಅವನು ನನಗೆ ‘ಸಾಹೇಬರ’. ಇದರಲ್ಲಿ ವಿಚಾರ ಮಾಡುವಂಥದು ಏನಾದರೂ ಇದೆ ಎಂದು ಆಗ ನನಗೆ ಅನ್ನಿಸಿಯೇ ಇರಲಿಲ್ಲ.

ಆಣೆ ಹೋಗಿ ನಯೇ ಪೈಸೆ ಬಂದ ಹೊಸತರಲ್ಲಿ, ನಾವು ಹದಿನಾರಕ್ಕೆ ಭಾಗಿಸುವುದನ್ನು ಮರೆತು ನೂರಕ್ಕೆ ಭಾಗಿಸುವುದನ್ನು ಇನ್ನೂ ಕಲಿಯದ ಆ ಸಂಧಿಕಾಲದಲ್ಲಿ, ಗೋಕಾಕಕ್ಕೆ ಕಂಪನಿ ಅಂಗಡಿ ಬಂತು. ಅದಕ್ಕೆ ಬೆಳಗಾವಿ, ಹುಬ್ಬಳ್ಳಿ, ಕೊಲ್ಲಾಪುರಗಳಲ್ಲೆಲ್ಲ ಶಾಖೆಗಳಿದ್ದವು. ಹೆಸರು ಬೇಡ, ನಾವೆಲ್ಲ ಅದನ್ನು ‘ಕಂಪನಿ’ ಎಂದೇ ಕರೆಯುತ್ತಿದ್ದೆವು, ಹಿಂದೆ ಒಂದು ಕಂಪನಿ ಬಂದು ಏನಾಯಿತೆಂದು ಶಾಲೆಯಲ್ಲಿ ಓದಿಯೂ. ದೊಡ್ಡ ಗಾಜಿನ ಬಾಗಿಲು, ಹಗಲಿನಲ್ಲೂ ಉರಿಯುವ ವಿದ್ಯುದ್ದೀಪ, ಮೊಣಕಾಲ ಎತ್ತರಕ್ಕೆ ಒಂದು ಕನ್ನಡಿ. ಮುಖ ನೋಡಿಕೊಳ್ಳಬೇಕಾದರೆ ಆ ಕನ್ನಡಿಯ ಮುಂದೆ ಸಾಷ್ಟಾಂಗ ಬೀಳಬೇಕು. ಮೊದಲ ವಾರ ಮೂಡಲಗಿಯಿಂದ ಜನ ಬಸ್ಸು ಹತ್ತಿ ಬಂದು ಗಾಜು ನೋಡಿಕೊಂಡು ಹೋದರು. ಒಳಗೆ ಹೋಗುವವರೆಲ್ಲ ಗುಡಿಗೆ ಹೋಗುವವರಂತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೋಗುತ್ತಿದ್ದರು. ಚಪ್ಪಲಿ ಅಂಗಡಿಯ ಹೊರಗೆ ಚಪ್ಪಲಿಗಳ ಅಷ್ಟು ದೊಡ್ಡ ರಾಶಿಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಮತ್ತು ಅದರಲ್ಲಿ ಬಹುಪಾಲು ಯಲ್ಲಪ್ಪನ ಕೈಯವು.

ಆಗ ನಾನು ಏನು ಮಾಡಿದೆನೆಂದು ಹೇಳಿದರೆ ನನ್ನ ಬಗ್ಗೆ ನಿಮಗೆ ಗೌರವ ಹುಟ್ಟಬಹುದು. ಸ್ವಲ್ಪ ಹೊತ್ತು ಇಟ್ಟುಕೊಳ್ಳಿ. ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ನಾನು ಭಾಷಣ ಮಾಡಿದೆ. ‘ನಮ್ಮೂರ ಕೈಕಸುಬು ಉಳಿಯಬೇಕು, ಸ್ವಾತಂತ್ರ್ಯ ಬಂದದ್ದು ಇದಕ್ಕೇ ಏನು, ನಾಳೆ ಇವರು ನಮ್ಮ ಕರದಂಟನ್ನೂ ಡಬ್ಬಿಯಲ್ಲಿ ಹಾಕಿ ನಂಬರು ಹಚ್ಚಿ ಮಾರುತ್ತಾರೆ’ ಎಂದೆಲ್ಲ. ಕೇಳಿದವರು ಹೌದ್ಹೌದು ಎಂದರು. ಒಬ್ಬರು ನನ್ನ ಚಹಾದ ದುಡ್ಡನ್ನೂ ಕೊಟ್ಟರು. ಹೊರಗೆ ಬಂದರೆ ಎದುರಿಗೆ ನಮ್ಮ ಶಿರಸ್ತೇದಾರರು ಬರುತ್ತಿದ್ದಾರೆ. ಕಾಲಲ್ಲಿ ಕಂಪನಿಯ ಕರಿಯ ಬೂಟು, ಬಿಸಿಲಿಗೆ ಫಳಫಳ ಹೊಳೆಯುತ್ತಿದೆ. ನನ್ನ ಭಾಷಣಕ್ಕೆ ಹೌದೆಂದವರೆಲ್ಲ ಆ ಬೂಟಿನತ್ತ ತಿರುಗಿದರು. ನಾನೂ ತಿರುಗಿದೆ. ಮರುದಿನ ಭಾನುವಾರ, ಕಚೇರಿಗೆ ಸೂಟಿ.

ಕಂಪನಿ ಅಂಗಡಿಯೊಳಗೆ ಟೈ ಕಟ್ಟಿದ ಒಬ್ಬ ತರುಣ ಗೃಹಸ್ಥ, “ಬರ್ರಿ ಸರ್, ಕುಂದರ್ರಿ,” ಎಂದು ಮೆತ್ತನೆಯ ಖುರ್ಚಿಯಲ್ಲಿ ಕೂರಿಸಿದ. ಗಾಜಿನ ಲೋಟದಲ್ಲಿ ನೀರು ಕೊಟ್ಟ. ಗಟಗಟ ಕುಡಿದೆ. ಅವನು ಯಾರ ಪೈಕಿ ಎಂದು ನಾನು ಕೇಳಲಿಲ್ಲ. ಟೈ ಕಟ್ಟಿದವರ ಜಾತಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಆಮೇಲೆ ಅವನು ಸಣ್ಣ ಸ್ಟೂಲಿನ ಮೇಲೆ ನನ್ನ ಕಾಲ ಬಳಿ ಕೂತು, ನನ್ನ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಾನು ರೋಮಾಂಚನಗೊಂಡೆ. ಟೈ ಕಟ್ಟಿದ ಮನುಷ್ಯ ನನ್ನ ಕಾಲು ಹಿಡಿದದ್ದು ಜನ್ಮದಲ್ಲಿ ಅದೇ ಮೊದಲು. ಕಚೇರಿಯಲ್ಲಿ ಇದು ಯಾವಾಗಲೂ ತಿರುವುಮುರುವಾಗಿ ನಡೆಯುತ್ತದೆ. ಇಪ್ಪತ್ತು ವರ್ಷ ಯಲ್ಲಪ್ಪ ಹಿಡಿದಿದ್ದ ಕಾಲು ಅದೇ ಆದರೂ, ಆಗ ಒಮ್ಮೆಯೂ ರೋಮಾಂಚನವಾಗಿರಲಿಲ್ಲ. “ಏಳನೇ ನಂಬರ್ ರೀ ಸರ್,” ಎಂದು ತೀರ್ಪು ಕೊಟ್ಟು, ಏಳನೇ ನಂಬರಿನ ಬಲಗಾಲಿನ ಬೂಟು ತಂದು ಹಾಕಿದ. ಹೇಳಿ ಮಾಡಿಸಿದಂತೆ ಕೂತಿತು. ಕನ್ನಡಿಯಲ್ಲಿ ನೋಡಿದೆ. ಮೊಣಕಾಲಿನ ಕೆಳಗೆ ನಾನು ಸಾಕ್ಷಾತ್ ಶಿರಸ್ತೇದಾರನಾಗಿದ್ದೆ. ಎಡಗಾಲಿನದನ್ನು ಹಾಕಿ ನೋಡುವುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಬೆಲೆ ಕೇಳಿದೆ. ಹದಿನಾಲ್ಕು ರೂಪಾಯಿ ತೊಂಬತ್ತೈದು ನಯೇ ಪೈಸೆ ಎಂದ. ನನ್ನ ಹೆಂಡತಿ ಗೌರವ್ವ ಹುಕ್ಕೇರಿಯವಳು. ಚೌಕಾಶಿ ಎನ್ನುವುದು ಅವಳ ತವರಿನಿಂದ ಬಂದ ವಿದ್ಯೆ. ಸಂತೆಯಲ್ಲಿ ಬದನೆಕಾಯಿಯವಳು ಅವಳನ್ನು ದೂರದಲ್ಲಿ ಕಂಡರೆ ತಾನಾಗಿ ಎರಡು ಕಾಯಿ ಹೆಚ್ಚಿಗೆ ತಕ್ಕಡಿಗೆ ಹಾಕುತ್ತಾಳೆ. ಅವಳ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ ಧೈರ್ಯದ ಮೇಲೆ, “ಎಂಟು ರೂಪಾಯಿಗೆ ಕೊಡು,” ಎಂದೆ. ಅವನು ನಕ್ಕು, “ಚೌಕಾಶಿ ಮಾಡಾಂಗಿಲ್ರಿ ಸರ್. ಬೆಳಗಾವ್ಯಾಗೂ ಇದ ದರ, ಹುಬ್ಬಳ್ಳ್ಯಾಗೂ ಇದ ದರ,” ಎಂದ. ಒಂಬತ್ತಕ್ಕೆ ಬಂದೆ. ನಕ್ಕ. ಹತ್ತು ಎಂದೆ. ಮತ್ತೂ ನಕ್ಕ. ಕೊನೆಗೆ ನಮ್ಮ ಕಡೆಯ ಬ್ರಹ್ಮಾಸ್ತ್ರ ಹೂಡಿದೆ: ಬೂಟು ಬಿಚ್ಚಿಟ್ಟು ಎದ್ದು ಹೊರಟುಬಿಟ್ಟೆ. ಹೀಗೆ ಹೊರಡುವುದಕ್ಕೂ ಒಂದು ರೀತಿಯಿದೆ. ತೀರ ಬೇಗ ನಡೆಯಬಾರದು, ಅಂಗಡಿಯವನಿಗೆ ಕೂಗಲು ಸಮಯ ಕೊಡಬೇಕು. ತಿರುಗಿ ನೋಡಬಾರದು, ನೋಡಿದರೆ ಬೆಲೆ ಏರುತ್ತದೆ. ನಾನು ಬಾಗಿಲವರೆಗೆ ಹೋದೆ. ಕೂಗಲಿಲ್ಲ. ನನ್ನ ಚಪ್ಪಲಿ ಹುಡುಕುವ ನೆಪದಲ್ಲಿ ನಿಂತೆ. ಕೂಗಲಿಲ್ಲ. ಮೆಟ್ಟಿಲು ಇಳಿದೆ, ಧೋತರದ ನಿರಿಗೆ ಸರಿಮಾಡಿಕೊಂಡೆ, ರಸ್ತೆಯ ಅರ್ಧಕ್ಕೆ ಬಂದೆ. ಆಗ ಹಿಂದಿನಿಂದ, “ಸರ್! ಸರ್!” ಎಂಬ ಕೂಗು ಕೇಳಿತು. ಗೆದ್ದೆ ಎಂದುಕೊಂಡು, ಹನ್ನೊಂದು ರೂಪಾಯಿಗಿಂತ ಒಂದು ಪೈಸೆ ಹೆಚ್ಚು ಕೊಡುವುದಿಲ್ಲ ಎಂಬ ಮುಖ ಮಾಡಿಕೊಂಡು ತಿರುಗಿದೆ. ಆ ಮಹಾರಾಯ ಬಾಗಿಲಲ್ಲಿ ನಿಂತು, “ಛತ್ರಿ ಬಿಟ್ಟೀರಿ ಸರ್!” ಎಂದ.

ಛತ್ರಿಗಾಗಿ ಒಳಗೆ ಹೋದವನು ಹದಿನಾಲ್ಕು ರೂಪಾಯಿ ತೊಂಬತ್ತೈದು ನಯೇ ಪೈಸೆ ಕೊಟ್ಟು ಹೊರಗೆ ಬಂದೆ. ಮನೆಯಲ್ಲಿ ಗೌರವ್ವ ಬೆಲೆ ಕೇಳಿ, ನಾನು ಎದ್ದು ಹೊರಟ ಕಥೆಯನ್ನೂ ಕೇಳಿ, “ಎಷ್ಟ ಹೆಜ್ಜಿ ಹೋಗಿದ್ರಿ?” ಎಂದು ವಿಚಾರಿಸಿದಳು. ನಡು ರಸ್ತೆಯವರೆಗೆ ಎಂದೆ. “ಅಲ್ಲಿತನಾ ಹೋದ್ರೂ ಕರೀಲಿಲ್ಲಂದ್ರ ಅವರು ಅಂಗಡಿ ಮಂದಿ ಅಲ್ಲ ಬಿಡ್ರಿ. ಸರಕಾರದ ಮಂದಿ ಇರಬೇಕು,” ಎಂದಳು. ಬೂಟು ಬಂದಿದ್ದ ರಟ್ಟಿನ ಪೆಟ್ಟಿಗೆ ಮಾತ್ರ ಅವಳಿಗೆ ಮೆಚ್ಚಿಕೆಯಾಯಿತು, ಅದರಲ್ಲಿ ಅರಿಸಿನಕೊಂಬು ಹಾಕಿಟ್ಟಳು.

ದೀಪಾವಳಿ ಪಾಡ್ಯದ ದಿನ ಬೂಟಿಗೆ ಪೂಜೆಯಾಯಿತು. ಅಲ್ಲಿಂದ ನನ್ನ ಕಷ್ಟ ಶುರು. ಮೊದಲನೆಯದು ಯಲ್ಲಪ್ಪ. ಅವನ ತಗಡಿನ ಮುಂದೆ ಹಾದೇ ಕೋರ್ಟಿಗೆ ಹೋಗಬೇಕು. ಅವನು ಮುಖ ನೋಡಿ ಗುರುತು ಹಿಡಿಯುವವನಲ್ಲ, ತಲೆ ಬಗ್ಗಿಸಿ ಕೂತಲ್ಲಿಂದಲೇ ಕಾಲು ನೋಡಿ, ‘ನಮಸ್ಕಾರ್ರಿ ವಕೀಲ ಸಾಹೇಬರ’ ಎನ್ನುವವನು. ಆದ್ದರಿಂದ ನಾನು ಹಿಂದಿನ ಓಣಿ ಹಿಡಿದು, ಎಮ್ಮೆ ಕಟ್ಟುವ ಹಿತ್ತಿಲು ಹಾದು, ನದಿಯ ಕಡೆಯಿಂದ ಸುತ್ತಿ ಬಳಸಿ ಕೋರ್ಟಿಗೆ ಹೋಗತೊಡಗಿದೆ. ಹೀಗಾಗಿ ಹನ್ನೊಂದೂವರೆಗೆ ಬರುತ್ತಿದ್ದವನು ಹನ್ನೆರಡಕ್ಕೆ ಬರುವಂತಾಯಿತು. ಕೋರ್ಟಿನ ಹಾಸುಗಲ್ಲಿನ ಮೇಲೆ ಕಂಪನಿ ಬೂಟು ಟಕ್ ಟಕ್ ಎಂದು ಬಾಗಿಲಿನಿಂದಲೇ ವರದಿ ಒಪ್ಪಿಸುತ್ತಿತ್ತು. ಶಿರಸ್ತೇದಾರರು ತಲೆ ಎತ್ತಿ ಗಡಿಯಾರ ನೋಡುವರು. ಎರಡನೆಯ ಕಷ್ಟ ಎಡಗಾಲು. ಕಿರುಬೆರಳಿನ ಬಳಿ ಇಕ್ಕಳ ಹಾಕಿ ಹಿಡಿದಂತೆ ನೋವು. ಹೊಸ ಬೂಟು ಕಚ್ಚುವುದು ಸಹಜ ಎಂದರು. ಹರಳೆಣ್ಣೆ ಹಚ್ಚಿದೆ, ಒಳಗೆ ನೆನೆಸಿದ ಕಡಲೆ ತುಂಬಿ ಇಟ್ಟರೆ ಉಬ್ಬಿ ಬೂಟು ಸಡಿಲವಾಗುತ್ತದೆ ಎಂದರು, ಅದನ್ನೂ ಮಾಡಿದೆ. ಕಡಲೆ ಮೊಳಕೆ ಬಂತೇ ಹೊರತು ಬೂಟು ಜಗ್ಗಲಿಲ್ಲ.

ಇಪ್ಪತ್ತು ದಿನ ಕುಂಟಿ, ಸಿಟ್ಟು ನೆತ್ತಿಗೇರಿ, ಬೂಟು ಹಿಡಿದುಕೊಂಡು ಕಂಪನಿಗೆ ಹೋದೆ. ಎಡಗಾಲಿನ ಬೂಟು ಸಣ್ಣದು ಕೊಟ್ಟು ಮೋಸ ಮಾಡಿದ್ದೀರಿ, ಕೋರ್ಟಿನವನ ಜೊತೆ ವ್ಯವಹಾರ ಎಂಬುದು ನೆನಪಿರಲಿ ಎಂದು ಗದರಿಸಿದೆ. ಟೈನವನು ಶಾಂತವಾಗಿ ಒಂದು ಕಬ್ಬಿಣದ ಅಳತೆಪಟ್ಟಿ ತಂದು, ಹತ್ತು ಗಿರಾಕಿಗಳ ಎದುರಿಗೆ, ನನ್ನ ಬಲಗಾಲನ್ನು ಇಡಿಸಿದ. ಏಳು. ಎಡಗಾಲನ್ನು ಇಡಿಸಿದ. ಎಂಟು. ಎರಡೆರಡು ಸಲ ಅಳೆದ. “ಬೂಟಿನ್ಯಾಗ ಏನೂ ದೋಷ ಇಲ್ರಿ ಸರ್,” ಎಂದು ಬಹಳ ವಿನಯದಿಂದ ಹೇಳಿದ, “ಕಾಲಿನ್ಯಾಗ ಐತ್ರಿ. ನಮ್ಮ ಕಂಪನಿ ಅಳತಿಯೊಳಗ ಇಂಥಾ ಕಾಲು ಬರೂದಿಲ್ರಿ.” ಅಂದರೆ ಬೆಳಗಾವಿ, ಹುಬ್ಬಳ್ಳಿ, ಕೊಲ್ಲಾಪುರದ ಸಮಸ್ತ ಜನರ ಕಾಲು ಸರಿಯಿದ್ದು, ಒಬ್ಬ ಗೋಕಾಕದ ಕಾರಕೂನನ ಕಾಲು ತಪ್ಪು ಎಂದಾಯಿತು. ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಎರಡೂ ಕಾಲು ಜೋಡಿಸಿ ನೋಡಿದೆ. ಮೂಲಕ್ಕೂ ನಕಲಿಗೂ ಅರ್ಧ ಬೆರಳು ವ್ಯತ್ಯಾಸ. ಗೌರವ್ವ ಬಾಗಿ ನೋಡಿ, “ಅಯ್ಯ, ಇದ ನನಗ ಮೊದಲ ಗೊತ್ತಿತ್ತಲ್ರಿ. ಜಳಕಾ ಮಾಡಿ ಒದ್ದಿ ಧೋತರಾ ಉಟ್ಟ ನಡುಮನ್ಯಾಗ ತಿರಗ್ಯಾಡಿದಾಗ ನಿಮ್ಮ ಹೆಜ್ಜಿ ಗುರುತು ಒರಸೂಕಿ ನಾನ ಹೌದಲ್ರಿ?” ಎಂದಳು. ಯಾಕೆ ಹೇಳಲಿಲ್ಲ ಎಂದರೆ, “ಹೇಳಿದ್ರ ಏನ ಸಣ್ಣದ ಮಾಡ್ತಿದ್ರೇನ?” ಎಂದಳು.

ಆಗ ಗಂಟು ಬಿಚ್ಚಿತು. ಇಪ್ಪತ್ತು ವರ್ಷ ನನಗೆ ಒಂದು ದಿನವೂ ಚಪ್ಪಲಿ ಕಚ್ಚಿರಲಿಲ್ಲ. ಅಂದರೆ ಇಪ್ಪತ್ತು ವರ್ಷ ಯಲ್ಲಪ್ಪ ಬಾಯಿ ಬಿಡದೆ ಎಡಗಾಲಿನದನ್ನು ಅರ್ಧ ಬೆರಳು ದೊಡ್ಡದಾಗಿ ಕೊಯ್ಯುತ್ತ ಬಂದಿದ್ದ. ಮರುದಿನ ಬೆಳಿಗ್ಗೆ ಹಿಂದಿನ ಓಣಿ ಬಿಟ್ಟು ನೇರ ರಸ್ತೆಯಲ್ಲೇ ಹೋದೆ. ಯಲ್ಲಪ್ಪ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದ. ಬೂಟಿನೊಳಗೆ ಕಾಲು ಮುಚ್ಚಿದ್ದರೂ ನಡಿಗೆ ನೋಡಿ ಗುರುತು ಹಿಡಿದ. “ಬರ್ರಿ ಸಾಹೇಬರ, ಕುಂದರ್ರಿ. ಎಡಗಾಲ ಕಚ್ಚಾಕತ್ತೇತೇನ್ರಿ?” ಎಂದ. ನನಗೆ ಗೋಣಿಚೀಲದ ಮೇಲೆ ಕೂರಲು ಮುಖವಿಲ್ಲದಂತಾಯಿತು. ಕಾಲು ನೋಯುತ್ತಿದ್ದುದರಿಂದ ಕೂತೆ. “ಅಲ್ಲೋ, ನನ್ನ ಕಾಲು ಹೆಚ್ಚು ಕಡಿಮಿ ಐತಂತ ನೀ ಒಮ್ಮಿನೂ ಹೇಳಲಿಲ್ಲಲ್ಲ,” ಎಂದೆ, ತಪ್ಪು ಅವನದೇ ಎಂಬಂತೆ.

“ಹೇಳೂದೇನೈತ್ರಿ ಅದರಾಗ?” ಎಂದ ಯಲ್ಲಪ್ಪ. “ನಡಿಯೂದು ನಿಮ್ಮ ಕೆಲಸ. ಹೆಚ್ಚು ಕಡಿಮಿ ನೋಡಿಕೊಳ್ಳೂದು ನನ್ನ ಕೆಲಸ.”

ಅವನ ಬಾಜೂಕ್ಕೆ ಒಂದು ತುಂಬಿದ ಚೀಲವಿತ್ತು. ಅದರೊಳಗೆ ಕೈಹಾಕಿ ತಡಕಾಡಿ ಒಂದು ಅಟ್ಟೆ ಹೊರತೆಗೆದ. ದೀಪಾವಳಿಗೆಂದು ನನಗಾಗಿ ಕೊಯ್ದಿಟ್ಟಿದ್ದ ಎಡಗಾಲಿನ ಅಟ್ಟೆ. ಬಗ್ಗಿ ನೋಡಿದರೆ ಚೀಲದ ತುಂಬ ಅಂಥವೇ. ವಕೀಲರದು, ಮಾಸ್ತರರದು, ಸಾವಕಾರರದು. ನನ್ನ ಭಾಷಣಕ್ಕೆ ಹೌದ್ಹೌದು ಎಂದವರೆಲ್ಲರ ಕಾಲು ಆ ಚೀಲದಲ್ಲಿದ್ದವು, ಯಾರೂ ಬಂದಿರಲಿಲ್ಲ. ಒಬ್ಬರ ಅಳತೆಗೆ ಕೊಯ್ದದ್ದು ಇನ್ನೊಬ್ಬರಿಗೆ ಆಗುವುದಿಲ್ಲ, ನನ್ನದಂತೂ ಮೂರು ಲೋಕದಲ್ಲಿ ಯಾರಿಗೂ ಆಗುವುದಿಲ್ಲ. “ಈಗ ಹೊಲದು ಕೊಡು, ಇಲ್ಲೇ ಹಾಕ್ಕೊಂಡ ಹೋಗತೇನಿ,” ಎಂದೆ. ಅವನು ತಲೆ ಅಲ್ಲಾಡಿಸಿದ. “ಮ್ಯಾಲಿನ ಪಟ್ಟಿಗಿ ಚರ್ಮ ಇಲ್ರಿ. ಅಂಕಲಗಿ ಸಂತಿಗಿ ಬರತಿದ್ದ ಚರ್ಮ ಎಲ್ಲಾ ಈಗ ಕಂಪನಿ ದಲಾಲ ಗಾಡಿ ಹೇರಿಕೊಂಡ ಒಯ್ಯಾಕತ್ತಾನ. ನಿಮ್ಮ ಬಲಗಾಲಿಂದೂ ಖರ್ಚ ಆಗೇತ್ರಿ.” ಏನು ಖರ್ಚು ಎಂದೆ. “ಕಂಪನಿ ಬೂಟು ಬಿಚ್ಚಾಕ ಚಾಲೂ ಆಗ್ಯಾವಲ್ರಿ. ಮಂದಿ ರಿಪೇರಿಗಿ ಇಲ್ಲೇ ತರತಾರ. ಅವಕ್ಕ ಹಿಮ್ಮಡಕ್ಕ ಹಾಕಾಕ ಗಟ್ಟಿ ಚರ್ಮ ಬೇಕು. ನಿಮ್ಮದು, ವಕೀಲರದು, ಹಿಂಗ ಒಂದೊಂದ ಕೊಯ್ದು ಹಾಕಾಕತ್ತೇನಿ. ಕೆಲಸಕ್ಕೇನ ಕಡಿಮಿ ಇಲ್ರಿ. ಮೊದಲ ಹೊಸಾ ಕಾಲ್ಮರಿ ಮಾಡತಿದ್ನಿ, ಈಗ ತ್ಯಾಪಿ ಹಚ್ಚತೇನಿ.”

ಇದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಅಂದು ಪಾರಾಗುತ್ತಿದ್ದೆ. ನನ್ನ ಎಡಗಾಲಿನ ಬೂಟು ತೆಗೆದುಕೊಂಡು, ಕಿರುಬೆರಳಿನ ಬಳಿ ಹೊಲಿಗೆ ಬಿಚ್ಚಿ, ನನ್ನದೇ ಅಟ್ಟೆಯ ಅಂಚಿನಿಂದ ಎರಡು ಬೆರಳು ಚರ್ಮ ಕೊಯ್ದು, ಕೆರೆದು ತೆಳುಮಾಡಿ, ಅಲ್ಲಿ ಸೇರಿಸಿ ಹೊಲಿದ. “ಹಾಕ್ಕೊಂಡ ನೋಡ್ರಿ. ನಿಮ್ಮದ ಚರ್ಮ ಐತಿ, ಕಚ್ಚೂದಿಲ್ಲ,” ಎಂದ. ಕಚ್ಚಲಿಲ್ಲ. ಕರಿಯ ಬೂಟಿನ ಬದಿಗೆ ಒಂದು ಕೆಂಪು ತೇಪೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ಆ ನಾಚಿಕೆಯಲ್ಲಿ, “ಎಷ್ಟ ಆತ್ರಿ ಯಲ್ಲಪ್ಪನವರ?” ಎಂದುಬಿಟ್ಟೆ. ಅವನು ಗಾಬರಿಯಾಗಿ ತಲೆ ಎತ್ತಿ, “ಯಾಕ್ರಿ ಸಾಹೇಬರ, ಮೈಯಾಗ ಆರಾಮ ಇಲ್ಲೇನ್ರಿ?” ಎಂದ. ಎಂಟಾಣೆ ಎಂದ, ಹಳೆಯ ಲೆಕ್ಕದಲ್ಲೇ. ನಾನು ಅಷ್ಟನ್ನೂ ಎಣಿಸಿ ಕೊಟ್ಟೆ. ಅವನ ಮುಖ ಸಣ್ಣದಾಯಿತು. “ಅಲ್ರಿ, ನಾಕಾಣೆಕ್ಕರೆ ಕೇಳ್ರಿ. ಹಿಂಗ ಬರೇ ಕೊಟ್ಟ ಹೋದ್ರ ಹೆಂಗ್ರಿ? ಆ ಅಂಗಡಿ ಚಾಳಿ ಇಲ್ಲೂ ತರತೀರೇನು?” ಎಂದ. ನನ್ನ ಬಾಯಿಂದ ಚೌಕಾಶಿ ಹೊರಡಲಿಲ್ಲ. ಎದ್ದು ಹೊರಟೆ. ಹಿಂದಿನಿಂದ ಯಾರೂ ಕರೆಯಲಿಲ್ಲ.

ಇಷ್ಟೆಲ್ಲ ಆದಮೇಲೆ ನಾನು ಬುದ್ಧಿ ಕಲಿತೆ, ಊರವರನ್ನೆಲ್ಲ ಕೂಡಿಸಿ ಯಲ್ಲಪ್ಪನಿಗೆ ಚರ್ಮ ತರಿಸಿಕೊಟ್ಟೆ ಎಂದು ಬರೆಯಲು ನನಗೂ ಆಸೆಯಿದೆ. ಆದರೆ ನಾನು ನಕಲು ಕಾರಕೂನ. ನಡೆದದ್ದನ್ನೇ ಬರೆದು ರೂಢಿ. ನಡೆದದ್ದೆಂದರೆ, ವರ್ಷವಿಡೀ ಕೆಂಪು ತೇಪೆಯ ಬೂಟು ಹಾಕಿಕೊಂಡು ತಿರುಗಿದೆ. ಊರಿನಲ್ಲಿ ಯಾರದೇ ಬೂಟಿನ ಹಿಮ್ಮಡ ಕಂಡರೂ ಅದು ನನ್ನ ಬಲಗಾಲಿನ ಅಟ್ಟೆ ಇರಬಹುದೇ ಎಂದು ನೋಡುತ್ತಿದ್ದೆ. ಮುಂದಿನ ದೀಪಾವಳಿ ಬಂತು. ಯಲ್ಲಪ್ಪ ಯಾರ ಜೋಡಿಗೂ ಚರ್ಮ ಕೊಯ್ಯಲಿಲ್ಲ. ನಾನು ಕಂಪನಿಗೆ ಹೋಗಿ, ಏಳನೇ ನಂಬರಿನದೊಂದು, ಎಂಟನೇ ನಂಬರಿನದೊಂದು, ಎರಡು ಜೋಡು ಬೂಟು ಕೊಂಡುಕೊಂಡೆ. ಬಲಗಾಲಿಗೆ ಏಳು, ಎಡಗಾಲಿಗೆ ಎಂಟು. ಚೌಕಾಶಿ ಮಾಡಲಿಲ್ಲ, ಛತ್ರಿಯನ್ನೂ ಮರೆಯಲಿಲ್ಲ. ಟೈನವನು ಇಂಥ ಗಿರಾಕಿ ವರ್ಷಕ್ಕೆ ನಾಲ್ಕು ಮಂದಿ ಬಂದರೆ ಸಾಕೆಂಬಂತೆ ಬಾಗಿಲವರೆಗೆ ಬಂದು ಕಳಿಸಿಕೊಟ್ಟ. ಗೌರವ್ವ ನಾನು ಕೊಟ್ಟ ಬೆಲೆಯನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಎರಡು ರಟ್ಟಿನ ಪೆಟ್ಟಿಗೆಯನ್ನೂ ಒಳಗೆ ತೆಗೆದುಕೊಂಡು ಹೋದಳು.

ಉಳಿದದ್ದು ಒಂದು ಹೊಸ ಜೋಡು: ಎಡಗಾಲಿನದು ಏಳು, ಬಲಗಾಲಿನದು ಎಂಟು. ನನ್ನ ಕಾಲಿಗೆ ತದ್ವಿರುದ್ಧವಾದ ಕಾಲಿನ ಒಬ್ಬ ಮನುಷ್ಯ ಎಲ್ಲಾದರೂ ಇದ್ದರೆ, ಅವನಿಗೆ ಅದು ಹೇಳಿ ಮಾಡಿಸಿದಂಥದು. ಅರ್ಧ ಬೆಲೆಗೆ ಕೊಟ್ಟರೂ ನನ್ನ ಹೊರೆ ಇಳಿಯುತ್ತದೆ. ಅಂಥವನನ್ನು ಬಲ್ಲವನು ಊರಿನಲ್ಲಿ ಒಬ್ಬನೇ. ಎರಡೂ ಬೂಟು ಚೀಲದಲ್ಲಿ ಹಾಕಿಕೊಂಡು ಯಲ್ಲಪ್ಪನ ಬಳಿ ಹೋಗಿ ಕೇಳಿದೆ. ಅವನು ಕಾಗದದ ಕಟ್ಟನ್ನು ಬಿಚ್ಚಲೂ ಇಲ್ಲ. “ಅದಾರ್ರಿ ಒಬ್ಬರು. ಭಾಳ ದೂರನೂ ಇಲ್ಲ,” ಎಂದ. ಯಾರು ಎಂದೆ. ಅವನು ದಬ್ಬಳಕ್ಕೆ ಮೇಣ ತಿಕ್ಕುತ್ತ, “ಅದನ್ನ ಹೇಳಾಂಗಿಲ್ರಿ ಸಾಹೇಬರ. ನಿಮ್ಮ ಕಾಲಿನ ಸುದ್ದಿ ಇಪ್ಪತ್ತ ವರ್ಷ ನಿಮಗ ಹೇಳಲಿಲ್ಲ. ಅವರ ಕಾಲಿನ ಸುದ್ದಿ ನಿಮಗ ಹೇಳ್ತೇನೇನ್ರಿ?” ಎಂದ. ಎಷ್ಟು ಗೋಗರೆದರೂ ಬಾಯಿ ಬಿಡಲಿಲ್ಲ.

ಅಂದಿನಿಂದ ಕೋರ್ಟಿಗೆ ಬರುವವರ ಮುಖ ನೋಡುವುದನ್ನು ಬಿಟ್ಟಿದ್ದೇನೆ. ವಾದಿ, ಪ್ರತಿವಾದಿ, ಸಾಕ್ಷಿ, ಎಲ್ಲರ ಕಾಲುಗಳನ್ನೂ ಎಡಕ್ಕೂ ಬಲಕ್ಕೂ ತಾಳೆ ನೋಡುತ್ತೇನೆ. ಈ ಗೀಳಿನಲ್ಲಿರುವಾಗಲೇ ಒಂದು ಸಂಗತಿ ಗಮನಕ್ಕೆ ಬಂತು. ನಮ್ಮ ಶಿರಸ್ತೇದಾರರು ಕಂಪನಿ ಬೂಟು ಕೊಂಡಂದಿನಿಂದ ಬಲಗಾಲನ್ನು ಒಂದಿಷ್ಟು ಎಳೆದುಕೊಂಡು ನಡೆಯುತ್ತಿದ್ದರು. ನಾನು ಅದನ್ನು ಇಷ್ಟು ದಿನ ಅಧಿಕಾರದ ಗತ್ತು ಎಂದು ತಿಳಿದಿದ್ದೆ. ಮೊನ್ನೆ ಅವರ ಮೇಜಿನ ಎದುರು ಕಾಗದ ಹಿಡಿದು ನಿಂತಿದ್ದವನು ತಡೆಯಲಾರದೆ, ನೆಲದಲ್ಲಿ ಏನೋ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದೆ. ಅವರ ಬಲಗಾಲಿನ ಬೂಟು ಬಿಚ್ಚಿ ಬದಿಗಿತ್ತು, ಬರಿಗಾಲಿನ ಕಿರುಬೆರಳು ಕೆಂಪಗೆ ಬಾತಿತ್ತು. ಅತ್ತ ಮುಖ ತಿರುಗಿಸಿದರೆ, ಆ ಬದಿಯಿಂದ ಶಿರಸ್ತೇದಾರರೂ ಬಗ್ಗಿ ನನ್ನ ಎಡಗಾಲನ್ನೇ ದಿಟ್ಟಿಸಿ ನೋಡುತ್ತಿದ್ದರು. ಮೇಜಿನ ಕೆಳಗೆ ನಮ್ಮಿಬ್ಬರ ಕಣ್ಣು ಕೂಡಿದವು.

“ಲೇಖಣಿ ಬಿತ್ರಿ,” ಎಂದೆ.

“ನಂದೂ ಬಿತ್ತು,” ಎಂದರು ಶಿರಸ್ತೇದಾರರು.

ಅವರದು ಅವರ ಕಿಸೆಯಲ್ಲೇ ಇತ್ತು; ನನ್ನದು ನನ್ನ ಕಿವಿಯ ಮೇಲೆ.